ಪಟ್ಟಿ ಕೇಳುವ ಗುಲ್ಲು

1967ರ ಸೆಪ್ಟೆಂಬರ್ 8ರಂದು ಚೀನಾದ 'ಪೀಪಲ್ಸ್ ಡೈಲಿ' ಪತ್ರಿಕೆಯಲ್ಲಿ ಯಾವೊ ವೆನ್‌ಯುವಾನ್ ಬರೆದ ಉದ್ದನೆಯ ಪುಸ್ತಕ ವಿಮರ್ಶೆಯೊಂದು ಬಂತು. ಅಧಿಕಾರ ಕಳೆದುಕೊಂಡಿದ್ದ ನಾಯಕ ತಾವೊ ಝು ಅವರ ಎರಡು ಪುಸ್ತಕಗಳ ಮೇಲಿನ ವಿಮರ್ಶೆ ಅದು. ಇಂಥ ಲೇಖನಗಳನ್ನು ಆ ಕಾಲದಲ್ಲಿ ಯಾರೂ ಸಾಹಿತ್ಯದ ಆಸೆಯಿಂದ ಓದುತ್ತಿರಲಿಲ್ಲ, ಮುಂದಿನ ಏಟು ಯಾರಿಗೆ ಎಂದು ತಿಳಿಯಲು ಓದುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಮಾವೋ ತಮ್ಮ ಕೈಯಾರೆ ಅದರಲ್ಲಿ ಕೆಲವು ಸಾಲು ಸೇರಿಸಿದರು. 'ಮೇ 16' ಎಂಬ ಪ್ರತಿಕ್ರಾಂತಿಯ ಸಂಘವೊಂದಿದೆ, ಅದರ ಸದಸ್ಯರೂ ನಾಯಕರೂ ಯಾರೆಂಬುದು ಬಹುಪಾಲು ಇನ್ನೂ ಸ್ಪಷ್ಟವಾಗಿಲ್ಲ, ಊರು ಮಲಗಿದ ಮೇಲೆ ಮಾತ್ರ ಅವರು ಜನರನ್ನು ಕಳಿಸಿ ಕರಪತ್ರ ಅಂಟಿಸುತ್ತಾರೆ, ಘೋಷಣೆ ಬರೆಸುತ್ತಾರೆ. ಸೇರಿಸಿದ ಸಾಲುಗಳ ತಾತ್ಪರ್ಯ ಇಷ್ಟು.

ಕಥೆ ಕಟ್ಟುವ ಕಸುಬಿನ ದೃಷ್ಟಿಯಿಂದ ನೋಡಿದರೆ ಈ ಸಾಲುಗಳನ್ನು ಮೆಚ್ಚದೆ ಇರುವುದು ಕಷ್ಟ. ಪಾತ್ರಗಳಿಗೆ ಮುಖವಿಲ್ಲ, ಆದ್ದರಿಂದ ಯಾರ ಮುಖವನ್ನಾದರೂ ಅಂಟಿಸಬಹುದು. ಕಾಲ ನಡುರಾತ್ರಿ, ಆದ್ದರಿಂದ ಕಂಡವರು ಯಾರೂ ಇಲ್ಲ ಎಂಬುದು ಕಥೆಯ ಕೊರತೆಯಾಗುವುದಿಲ್ಲ. 'ಇನ್ನೂ ಸ್ಪಷ್ಟವಾಗಿಲ್ಲ' ಎಂಬ ಮಾತಂತೂ ಓದುಗನಿಗೇ ಕೆಲಸ ಹಚ್ಚುತ್ತದೆ: ಸ್ಪಷ್ಟವಾಗಿಲ್ಲ ಅಂದಮೇಲೆ ಸ್ಪಷ್ಟ ಮಾಡಬೇಕು, ಮಾಡಬೇಕಾದವರು ನೀವು. ಸಾಕ್ಷ್ಯ ಸಿಕ್ಕರೆ ಸರಿ, ಸಿಗದಿದ್ದರೆ ಸಂಘ ಎಷ್ಟು ಗುಟ್ಟಾಗಿದೆ ನೋಡಿ ಎಂದು ಹೇಳಿದರಾಯಿತು. ಚೀನಾದ ಶಾಲೆ ಕಾಲೇಜುಗಳ ಗುಪ್ತ ವಿದ್ಯಾರ್ಥಿ ಸಂಘಗಳ ಬಗ್ಗೆ ನೂರು ವರ್ಷಗಳಲ್ಲಿ ಎದ್ದ ಗುಲ್ಲುಗಳಲ್ಲಿ ಇದರಷ್ಟು ದೂರ ಹೋದದ್ದು ಇನ್ನೊಂದಿಲ್ಲ. ಆದ್ದರಿಂದ ಈ ಬಗೆಯ ಗುಲ್ಲನ್ನು ಒಂದು ಕಥನಪ್ರಕಾರ ಎಂದು ಭಾವಿಸಿ ಬೆಲೆಕಟ್ಟುವುದಾದರೆ ಶುರು ಮಾಡಬೇಕಾದದ್ದೂ ಇಲ್ಲಿಂದಲೇ.

ಗುಲ್ಲಿನ ಹಿಂದೆ ಏನೂ ಇರಲಿಲ್ಲ ಎನ್ನುವಂತಿಲ್ಲ. ಬೀಜಿಂಗಿನ ಉಕ್ಕು ಸಂಸ್ಥೆ, ವಿದೇಶಿ ಭಾಷಾ ಸಂಸ್ಥೆ ಮೊದಲಾದ ಕಡೆಯ ಕೆಲವು ವಿದ್ಯಾರ್ಥಿಗಳು 1967ರ ಬೇಸಿಗೆಯಲ್ಲಿ ಆ ಹೆಸರಿನ ಗುಂಪು ಕಟ್ಟಿಕೊಂಡು ಪ್ರಧಾನಿ ಚೌ ಎನ್‌ಲಾಯ್ ವಿರುದ್ಧ ಕರಪತ್ರ ಹಂಚಿದ್ದು ನಿಜ. ಸಾಂಸ್ಕೃತಿಕ ಕ್ರಾಂತಿಗೆ ಚಾಲನೆ ಕೊಟ್ಟ 1966ರ ಮೇ 16ರ ಸುತ್ತೋಲೆಯಿಂದ ಹೆಸರನ್ನು ಎತ್ತಿಕೊಂಡಿದ್ದರು. ಬೆರಳೆಣಿಕೆಯ ಹುಡುಗರ ಆ ಗುಂಪನ್ನು ಮಾವೋ ಬೆಂಬಲಿಗ ವಿದ್ಯಾರ್ಥಿಗಳ ಇತರ ರೆಡ್ ಗಾರ್ಡ್ ಬಣಗಳೇ ಕೆಲವೇ ವಾರಗಳಲ್ಲಿ ಹಿಡಿದು ಬಡಿದು ಮುಗಿಸಿದವು. ಮಾವೋ ಆ ಸಾಲುಗಳನ್ನು ಸೇರಿಸುವ ಹೊತ್ತಿಗೆ ಸಂಘ ಹೆಚ್ಚುಕಡಿಮೆ ಸತ್ತಿತ್ತು. ಗುಲ್ಲು ನಿಜವಾಗಿ ಬೆಳೆದದ್ದು ಆಮೇಲೆ. 1970ರ ಮಾರ್ಚ್ 27ರಂದು ಪಕ್ಷದ ಕೇಂದ್ರ ಸಮಿತಿ 'ಮೇ 16' ಕೂಟವನ್ನು ಹುಡುಕಿ ತೆಗೆಯಲು ಸುತ್ತೋಲೆ ಹೊರಡಿಸಿತು. ಬೇಟೆ ಅತಿಯಾಗದಿರಲಿ ಎಂಬ ಎಚ್ಚರಿಕೆ ಅದರಲ್ಲಿತ್ತು, ಜೊತೆಗೇ ಗುಪ್ತ ಸಂಘಗಳು ಇದೊಂದೇ ಅಲ್ಲ ಎಂಬ ಸೂಚನೆಯೂ ಇತ್ತು. ಎರಡರಲ್ಲಿ ಕೆಳಗಿನ ಅಧಿಕಾರಿಗಳು ಯಾವುದನ್ನು ಕಿವಿಗೆ ಹಾಕಿಕೊಂಡರೆಂದು ಊಹಿಸುವುದು ಸುಲಭ. ಕರಪತ್ರ ಅಂಟಿಸಿದ ನಾಲ್ಕು ಹುಡುಗರ ಹೆಸರಿನಲ್ಲಿ ಕಚೇರಿ, ಕಾರ್ಖಾನೆ, ವಿಶ್ವವಿದ್ಯಾಲಯಗಳಲ್ಲಿ ಲಕ್ಷಗಟ್ಟಲೆ ಜನ ವಿಚಾರಣೆಗೆ ಸಿಕ್ಕರು.

ಈ ಬೇಟೆ ಒಂದು ಮನೆಯ ಹೊಸ್ತಿಲಿಗೆ ಬಂದಾಗ ಏನಾಯಿತೆಂದು ತಿಳಿಯಲು ಯಾಂಗ್ ಜಿಯಾಂಗ್ ಅವರ ಪುಟ್ಟ ಪುಸ್ತಕ ಓದಬೇಕು. ಲೇಖಕಿ, ಅನುವಾದಕಿ ಯಾಂಗ್ ಜಿಯಾಂಗ್ ಮತ್ತು ಅವರ ಗಂಡ, ವಿದ್ವಾಂಸ ಚಿಯೆನ್ ಝೋಂಗ್‌ಷು, ಇಬ್ಬರನ್ನೂ ಹೆನಾನ್ ಪ್ರಾಂತ್ಯದ 'ಕಾರ್ಯಕರ್ತರ ಶಾಲೆ'ಗೆ ಮೈಬಗ್ಗಿಸಿ ದುಡಿಯಲು ಅಟ್ಟಲಾಗಿತ್ತು. ಆ ದಿನಗಳನ್ನು ನೆನೆದು ಬರೆದ ಆರು ಅಧ್ಯಾಯಗಳ ಪುಸ್ತಕ 1981ರಲ್ಲಿ ಪ್ರಕಟವಾಯಿತು. ತರಕಾರಿ ತೋಟ, ಬಾವಿ ತೋಡುವುದು, ಹಿಂದೆಮುಂದೆ ಸುತ್ತುವ ಒಂದು ನಾಯಿಮರಿ, ಕಾಲು ಹೂಳುವ ಕೆಸರು, ಇಂಥವುಗಳಿಂದ ತುಂಬಿದ ಬರವಣಿಗೆ. ಗಂಡನನ್ನು ಕಳಿಸಿಕೊಡಲು ಹಿಂದೆ ನಿಲ್ದಾಣಕ್ಕೆ ಬಂದಿದ್ದವರು ಮೂವರು: ತಾನು, ಮಗಳು, ಅಳಿಯ ದೇಯಿ. 1970ರ ಜುಲೈನಲ್ಲಿ ತಾನು ಹೊರಟಾಗ ಬಂದದ್ದು ಮಗಳೊಬ್ಬಳೇ. ಅಳಿಯ ತಿಂಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡಿದ್ದ. ಇದನ್ನು ಅವರು ದನಿ ಏರಿಸದೆ, ನಡುವೆ ಒಂದು ಮಾತಾಗಿ ಹೇಳಿಬಿಡುತ್ತಾರೆ.

ಕಾರಣವೂ ಅಷ್ಟೇ ಚುಟುಕಾಗಿ ಬರುತ್ತದೆ. ದೇಯಿಯ ವಿಶ್ವವಿದ್ಯಾಲಯದಲ್ಲಿ 'ಮೇ 16' ಬೇಟೆ ಶುರುವಾದಾಗ ಸಿಕ್ಕಿಬಿದ್ದ ಕೆಲವರು ಅವನೇ ನಮ್ಮ ಸಂಘಟಕ, ಸದಸ್ಯರ ಪಟ್ಟಿ ಇರುವುದು ಅವನ ಬಳಿ ಎಂದು ಹೇಳಿಬಿಟ್ಟರು. ದಿನಕ್ಕೆ ಮೂರು ಸರದಿಯಂತೆ ಇಡೀ ವಿಭಾಗವನ್ನು ಕೂರಿಸಿ ಅವನನ್ನು ನಿಲ್ಲಿಸಿ ಪಟ್ಟಿ ಕೊಡು ಎಂದು ಪೀಡಿಸಿದರು. ಮನೆಯಿಂದ ಕೊನೆಯ ಸಲ ಹೊರಡುವಾಗ ಅವನು ಅತ್ತೆಗೆ ಹೇಳಿಹೋಗಿದ್ದ: ಜನರೊಡನೆ ಒರಟಾಗಿ ನಡೆದುಕೊಳ್ಳಲಾರೆ, ಮೇಲಿನವರಿಗೆ ಎದುರು ಆಡಲಾರೆ, ಆದರೆ ಪಟ್ಟಿ ಹೊಸೆದು ಬೇರೆಯವರನ್ನು ಹಾಳುಮಾಡುವುದು ನನ್ನಿಂದಾಗದು, ಸುಳ್ಳು ಹೇಳುವುದೂ ನನಗೆ ಬರುವುದಿಲ್ಲ.

ಈ ಪಟ್ಟಿಯೇ ಇಡೀ ಗುಲ್ಲಿನ ಯಂತ್ರ. ಗುಪ್ತ ಸಂಘ ಎಂದಮೇಲೆ ಸದಸ್ಯರಿರಬೇಕು, ಸದಸ್ಯರಿದ್ದಮೇಲೆ ಪಟ್ಟಿ ಇರಬೇಕು, ಇಲ್ಲವೆಂದರೆ ಬಚ್ಚಿಟ್ಟಿದ್ದಾನೆ. ಏಟು ತಾಳಲಾರದವನು ನಾಲ್ಕು ಹೆಸರು ಉಸುರುತ್ತಾನೆ, ಆ ನಾಲ್ವರಲ್ಲಿ ಒಬ್ಬೊಬ್ಬನೂ ಇನ್ನು ನಾಲ್ಕು. ಸಂಘ ಬೆಳೆಯುವುದು ಸಭೆಯಲ್ಲಲ್ಲ, ವಿಚಾರಣೆಯ ಕೋಣೆಯಲ್ಲಿ. ಹೊರಗೆ ಕುಳಿತು ನೋಡುವ ಅಧಿಕಾರಿಗೆ ಮಾತ್ರ ಕಾಣುವುದು ಒಂದೇ: ನೋಡಿ, ಅಗೆದಷ್ಟೂ ಸಿಗುತ್ತಿದ್ದಾರೆ!

ಪುಸ್ತಕಕ್ಕೆ ಚಿಯೆನ್ ಬರೆದ ಮುನ್ನುಡಿ ಎರಡು ಪುಟ ದಾಟುವುದಿಲ್ಲ. ನನಗೆ ಅದು ಈ ವಿಷಯದ ಮೇಲೆ ಬಂದಿರುವ ಅತ್ಯುತ್ತಮ ವಿಮರ್ಶೆ. ಹೆಂಡತಿ ಒಂದು ಅಧ್ಯಾಯ ಬರೆಯದೆ ಬಿಟ್ಟಿದ್ದಾಳೆ ಎನ್ನುತ್ತಾರೆ ಅವರು. ಆ ಶಾಲೆಯಲ್ಲಿ ಉಳುಮೆ, ಬಾವಿ ಎಲ್ಲ ಮೇಲುಗೆಲಸ, ನಿಜವಾಗಿ ನಡೆಯುತ್ತಿದ್ದದ್ದು 'ಮೇ 16' ಬೇಟೆ. ಅದರ ಬಗ್ಗೆ ಬರೆಯುವುದಾದರೆ ಅಧ್ಯಾಯದ ವಸ್ತು ನಾಚಿಕೆ ಆಗಬೇಕಿತ್ತು. ನಾಚಬೇಕಾದವರ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿಕೊಳ್ಳುತ್ತಾರೆ: ಇದು ಅನ್ಯಾಯದ ಲೆಕ್ಕ ಎಂದು ಗೊತ್ತಿದ್ದೂ ಬಾಯಿ ಬಿಡುವ ಧೈರ್ಯ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ನಾಚಬೇಕಾದವರಿಗೆ ನಾಚಿಕೆಯ ನೆನಪೇ ಇರುವುದಿಲ್ಲ ಎಂಬುದನ್ನೂ ಅವರು ಬಿಡದೆ ಹೇಳುತ್ತಾರೆ. ಅಳಿಯನ ಹೆಸರು ಮುನ್ನುಡಿಯಲ್ಲಿ ಇಲ್ಲ.

ಅದೇ ವರ್ಷಗಳಲ್ಲಿ ಜನರ ಬಾಯಲ್ಲೂ ಗುಪ್ತಕೂಟದ ಕಥೆಗಳು ಓಡಾಡುತ್ತಿದ್ದವು ಎಂಬುದು ತಮಾಷೆಯ ಸಂಗತಿ. 'ಪ್ಲಮ್ ಹೂವಿನ ಪಕ್ಷ' ಎಂಬ ಬೇಹುಗಾರರ ಕೂಟದ ಸಾಹಸಗಳು, ಕಸೂತಿ ಹಾಕಿದ ಒಂಟಿ ಚಪ್ಪಲಿಯ ರಹಸ್ಯ, ಇವೆಲ್ಲ ಕೈಬರಹದ ಪುಸ್ತಕಗಳಾಗಿ ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟುತ್ತಿದ್ದವು. ಇವನ್ನು ಕಟ್ಟಿ ಹೇಳಿದವರಲ್ಲಿ ಹೆಸರಾದ ಝಾಂಗ್ ಬಾವೊರುಯಿ ಆಗ ಬೀಜಿಂಗಿನ ಕಾರ್ಖಾನೆಯೊಂದರ ಕಾರ್ಮಿಕ, ರಾತ್ರಿ ಪಾಳಿಯಲ್ಲಿ ಜೊತೆಯವರು ತೂಕಡಿಸದಿರಲೆಂದು ಕಥೆ ಹೇಳುತ್ತಿದ್ದವರು. ಹೋಲಿಸಿದರೆ ಜನರ ಕಥೆಯೇ ಮೇಲು. ಅಲ್ಲಿ ಸುಂದರ ಬೇಹುಗಾರ್ತಿ ಇದ್ದಾಳೆ, ಹಾಳುಮನೆ ಇದೆ, ಕೊನೆಗೆ ಗುಟ್ಟು ಬಯಲಾಗುತ್ತದೆ, ಕೇಳಿದವರು ಎದ್ದು ಕೆಲಸಕ್ಕೆ ಹೋಗುತ್ತಾರೆ. ಸರ್ಕಾರ ಕಟ್ಟಿದ ಕಥೆಗೆ ಕೊನೆಯೇ ಇಲ್ಲ.

ಹಾಗಾದರೆ ನಿಜವಾದ ಗುಪ್ತ ಸಂಘಗಳು ಇರಲೇ ಇಲ್ಲವೆ? ಇದ್ದವು. 1963ರ ಫೆಬ್ರವರಿಯಲ್ಲಿ ಬೀಜಿಂಗಿನ ನಾಲ್ವರು ಹುಡುಗರು 'ಎಕ್ಸ್' ಎಂಬ ಸಂಘ ಕಟ್ಟಿಕೊಂಡರು. ಅವರಲ್ಲಿ ಗುವೊ ಷಿಯಿಂಗ್ ಪೀಕಿಂಗ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ವಿದ್ಯಾರ್ಥಿ. ಅಪ್ಪ ಗುವೊ ಮೊರುವೊ, ದೇಶದ ಅತಿ ಗಣ್ಯ ಕವಿ, ವಿಜ್ಞಾನ ಅಕಾಡೆಮಿಯ ಅಧ್ಯಕ್ಷ. ಕವಿತೆ, ತತ್ತ್ವಚರ್ಚೆ, ಕೈಬರಹದ ಪತ್ರಿಕೆ, ದೇಶ ಎತ್ತ ಹೋಗುತ್ತಿದೆ ಎಂಬ ಹರೆಯದ ತಳಮಳ, ಸಂಘದ ವ್ಯವಹಾರ ಅಷ್ಟೇ. ಮೇ ತಿಂಗಳಲ್ಲಿ ಹಿಡಿದರು. ಗಣ್ಯರ ಮಗನನ್ನು ಹೊಲದ ಕೆಲಸಕ್ಕೆ ಕಳಿಸಿದರು, ಜೊತೆಯವರು ಶ್ರಮಶಿಬಿರ ಸೇರಿದರು. ಶಿಕ್ಷೆಯಲ್ಲೂ ಅಪ್ಪನ ಹೆಸರು ಕೆಲಸ ಮಾಡಿತ್ತು. ಆದರೆ 1968ರ ಏಪ್ರಿಲಿನಲ್ಲಿ, ಹೊಸ ಕ್ರಾಂತಿಯ ಹುಡುಗರು ಹಳೆಯ ಕಡತ ಎತ್ತಿಕೊಂಡು ಗುವೊ ಷಿಯಿಂಗನನ್ನು ಕೂಡಿಹಾಕಿದಾಗ ಯಾರ ಹೆಸರೂ ನಡೆಯಲಿಲ್ಲ. ಕಟ್ಟಡದ ಮೇಲಿಂದ ಬಿದ್ದು ಸತ್ತ.

ಇನ್ನೊಂದು ಸಂಘ ಹುಟ್ಟಿದ್ದು 1966ರ ಮೇ 29ರಂದು. ತ್ಸಿಂಗ್‌ಹುವಾ ವಿಶ್ವವಿದ್ಯಾಲಯಕ್ಕೆ ಸೇರಿದ ಪ್ರೌಢಶಾಲೆಯ ಮಕ್ಕಳು ಹಳೆಯ ಬೇಸಿಗೆ ಅರಮನೆಯ ಪಾಳುಗಲ್ಲುಗಳ ನಡುವೆ ಗುಟ್ಟಾಗಿ ಸೇರಿ ತಮಗೊಂದು ಹೆಸರಿಟ್ಟುಕೊಂಡರು: ರೆಡ್ ಗಾರ್ಡ್. ಆ ಹೆಸರು ಸೂಚಿಸಿದ ಹುಡುಗ ಝಾಂಗ್ ಚೆಂಗ್‌ಝಿ ಮುಂದೆ ದೊಡ್ಡ ಕಾದಂಬರಿಕಾರನಾದ. ಶಾಲೆಯ ಆಡಳಿತದ ಕಣ್ಣಿಗೆ ಇದೂ ಕಾನೂನುಬಾಹಿರ ಕೂಟವೇ. ಆಗಸ್ಟ್ 1ರಂದು ಮಾವೋ ಆ ಮಕ್ಕಳಿಗೆ ಬೆಂಬಲದ ಪತ್ರ ಬರೆದರು. ಆಗಸ್ಟ್ 5ರಂದು ಬೀಜಿಂಗಿನ ಬಾಲಕಿಯರ ಶಾಲೆಯೊಂದರಲ್ಲಿ ವಿದ್ಯಾರ್ಥಿನಿಯರು ತಮ್ಮ ಉಪಪ್ರಾಂಶುಪಾಲೆ ಬಿಯಾನ್ ಝೊಂಗ್‌ಯುನ್ ಅವರನ್ನು ಹೊಡೆದು ಕೊಂದರು. ಗುಪ್ತ ಸಂಘ ಅಪಾಯಕಾರಿ ಎಂದು ವಾದಿಸುವವರಿಗೆ ಇದಕ್ಕಿಂತ ಬಲವಾದ ಉದಾಹರಣೆ ಬೇಕಿಲ್ಲ, ಆದರೆ ಅವರು ಇದನ್ನು ಎತ್ತುವುದೇ ಇಲ್ಲ. ಪಾಳು ಅರಮನೆಯಲ್ಲಿ ಗುಟ್ಟಾಗಿ ಕುಳಿತಿದ್ದಾಗ ಆ ಮಕ್ಕಳು ಯಾರನ್ನೂ ಕೊಂದಿರಲಿಲ್ಲ. ರಕ್ತ ಹರಿದದ್ದು ಗುಟ್ಟು ಮುಗಿದು ಮೇಲಿನವರ ಮುದ್ರೆ ಬಿದ್ದಮೇಲೆ.

ಈ ಎರಡು ಸಂಘಗಳ ನಡುವಿನ ವ್ಯತ್ಯಾಸ ಗುಲ್ಲಿಗೆ ಕಾಣುವುದಿಲ್ಲ ಎಂಬುದು ಈ ಪ್ರಕಾರದ ಮೇಲೆ ನನ್ನ ಮುಖ್ಯ ದೂರು. ಕವಿತೆ ಬರೆಯುವ ನಾಲ್ವರು, ಬೆಲ್ಟು ಬಿಚ್ಚಿ ಬಾರಿಸುವ ನಾನೂರು, ಓದುವ ಕೂಟ, ಸಲಿಂಗಿಗಳ ಸ್ನೇಹಕೂಟ, ಕಾರ್ಮಿಕರ ಜೊತೆ ಹಾಡುವವರು, ಎಲ್ಲರಿಗೂ ಒಂದೇ ಅಂಗಿ. ಸಂಘದಲ್ಲಿ ಏನು ಮಾತಾಡಿದರು ಎಂದು ಅದು ಕೇಳುವುದಿಲ್ಲ, ಹಿಂದೆ ಯಾರಿದ್ದಾರೆ ಎಂದಷ್ಟೇ ಕೇಳುತ್ತದೆ.

ಗುಟ್ಟು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನೂ ನೋಡಬೇಕು. 2016ರಲ್ಲಿ ಕಮ್ಯುನಿಸ್ಟ್ ಯುವ ಲೀಗ್, ಶಿಕ್ಷಣ ಸಚಿವಾಲಯ ಮತ್ತು ವಿದ್ಯಾರ್ಥಿ ಒಕ್ಕೂಟ ಸೇರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಿಗೆ ನಿಯಮ ತಂದವು. ಸಂಘ ಕಟ್ಟಲು ಇಪ್ಪತ್ತು ಮಂದಿ ಮುಂದೆ ಬರಬೇಕು, ಹೊಣೆ ಹೊರುವ ವಿಭಾಗವೊಂದು ಬೇಕು, ಮಾರ್ಗದರ್ಶಕ ಅಧ್ಯಾಪಕರು ಬೇಕು. 2020ರಲ್ಲಿ ಬಂದ ನಿಯಮಗಳು ಇನ್ನಷ್ಟು ಬಿಗಿ. ಯಾವ ಅಧ್ಯಾಪಕರಾದರೂ ತಂಟೆ ಬರುವ ಸಂಘಕ್ಕೆ ಏಕೆ ಸಹಿ ಹಾಕಿಯಾರು? ತರಗತಿಯಲ್ಲಿ ಅಧ್ಯಾಪಕರು ಆಡಿದ್ದನ್ನು ವರದಿ ಮಾಡುವ 'ಮಾಹಿತಿದಾರ' ವಿದ್ಯಾರ್ಥಿಗಳ ಏರ್ಪಾಡೂ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಸಹಿ ಸಿಗದ ಗುಂಪು ಯಾರದೋ ಕೋಣೆಯಲ್ಲಿ ಸೇರುತ್ತದೆ. ಕೋಣೆಯಲ್ಲಿ ಸೇರಿದರೆಂದೇ ಗುಪ್ತ ಸಂಘ. ಬಾಗಿಲು ಹಾಕಿದವರೇ ಒಳಗೆ ಏನೋ ನಡೆಯುತ್ತಿದೆ ಎಂದು ಊರೆಲ್ಲ ಕೂಗುವ ಆಟ ಇದು.

2000ದಲ್ಲಿ ಬೀಜಿಂಗಿನ ಎಂಟು ಮಂದಿ ವಿದ್ಯಾರ್ಥಿಗಳು ಮತ್ತು ಆಗಷ್ಟೇ ಓದು ಮುಗಿಸಿದವರು 'ನವಯುವ ಅಧ್ಯಯನ ಕೂಟ' ಕಟ್ಟಿಕೊಂಡರು. ಹಳ್ಳಿಗಳ ಬಡತನ, ಸುಧಾರಣೆ, ಚುನಾವಣೆ ಇವು ಚರ್ಚೆಯ ವಿಷಯ. ಎಂಟರಲ್ಲಿ ಒಬ್ಬ ರಾಷ್ಟ್ರೀಯ ಭದ್ರತಾ ಸಚಿವಾಲಯಕ್ಕೆ ವರದಿ ಕೊಡುತ್ತಿದ್ದ. 2001ರ ಮಾರ್ಚ್ 13ರಂದು ಯಾಂಗ್ ಝಿಲಿ, ಷು ವೇ, ಜಿನ್ ಹೈಕೆ, ಝಾಂಗ್ ಹೊಂಗ್‌ಹೈ ಬಂಧಿತರಾದರು. 2003ರ ಮೇ ತಿಂಗಳಲ್ಲಿ ಇಬ್ಬರಿಗೆ ಹತ್ತು ವರ್ಷ, ಇಬ್ಬರಿಗೆ ಎಂಟು ವರ್ಷ ಶಿಕ್ಷೆಯಾಯಿತು. ಅಪರಾಧ ಸರ್ಕಾರ ಉರುಳಿಸುವ ಯತ್ನ. ಇಷ್ಟು ದೊಡ್ಡ ಸರ್ಕಾರವನ್ನು ಎಂಟು ಮಂದಿ, ಅದರಲ್ಲೂ ಒಬ್ಬ ಸರ್ಕಾರದವನೇ, ಹೇಗೆ ಉರುಳಿಸುತ್ತಿದ್ದರು ಎಂಬ ಪ್ರಶ್ನೆ ತೀರ್ಪನ್ನು ಕಾಡಿದಂತಿಲ್ಲ.

ಪೀಕಿಂಗ್ ವಿಶ್ವವಿದ್ಯಾಲಯದ ಮಾರ್ಕ್ಸ್‌ವಾದಿ ಸಂಘದ ಕಥೆ ಇನ್ನೂ ವಿಚಿತ್ರ. ಅದೇ ವಿಶ್ವವಿದ್ಯಾಲಯದಲ್ಲಿ 1920ರ ಮಾರ್ಚಿನಲ್ಲಿ, ಲಿ ದಾಝಾವೊ ಗ್ರಂಥಪಾಲಕರಾಗಿದ್ದ ಕಾಲದಲ್ಲಿ, ಮಾರ್ಕ್ಸನ ಸಿದ್ಧಾಂತ ಓದುವ ಕೂಟವೊಂದು ಗುಟ್ಟಾಗಿ ಹುಟ್ಟಿತ್ತು. ಮುಂದಿನ ವರ್ಷದ ನವೆಂಬರಿನಲ್ಲಿ ಅದು ವಿಶ್ವವಿದ್ಯಾಲಯದ ದಿನಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟು ಬಹಿರಂಗಕ್ಕೆ ಬಂತು. ಕುಲಪತಿ ಚಾಯ್ ಯುವಾನ್‌ಪೆಯ್ ಅಡ್ಡಿ ಮಾಡಲಿಲ್ಲ. ಇಂದಿನ ಆಳುವ ಪಕ್ಷದ ಬೇರುಗಳಲ್ಲಿ ಒಂದು ಆ ಕೂಟ. ಸುಮಾರು ನೂರು ವರ್ಷಗಳ ನಂತರ, 2018ರಲ್ಲಿ, ಅಲ್ಲಿನ ಮಾರ್ಕ್ಸ್‌ವಾದಿ ಸಂಘದ ವಿದ್ಯಾರ್ಥಿಗಳು ಮಾರ್ಕ್ಸನನ್ನು ಓದಿ ಸುಮ್ಮನಿರಲಿಲ್ಲ. ಕ್ಯಾಂಪಸ್ಸಿನ ಅಡುಗೆಯವರು, ಕಸ ಗುಡಿಸುವವರು ಹೇಗೆ ಬದುಕುತ್ತಿದ್ದಾರೆಂದು ವಿಚಾರಿಸಿದರು. ಷೆನ್‌ಝೆನ್‌ನ ಜಾಸಿಕ್ ಕಾರ್ಖಾನೆಯ ಕಾರ್ಮಿಕರು ಯೂನಿಯನ್ ಕಟ್ಟಲು ಹೊರಟು ಬಂಧನಕ್ಕೊಳಗಾದಾಗ ಹಲವು ವಿಶ್ವವಿದ್ಯಾಲಯಗಳ ಎಳೆಯರ ಜೊತೆ ಬೆಂಬಲಕ್ಕೆ ನಿಂತರು. ಆಗಸ್ಟ್ 24ರಂದು ಹುಯಿಝೌನಲ್ಲಿ ಅವರು ತಂಗಿದ್ದ ಮನೆಗೆ ಪೊಲೀಸರು ನುಗ್ಗಿ ಸುಮಾರು ಐವತ್ತು ಮಂದಿಯನ್ನು ಒಯ್ದರು. ಹೊರಗಿನ ಹಣ ಪಡೆದ ಸಂಸ್ಥೆಯೊಂದರ ಕೈವಾಡ ಎಂದು ಅಧಿಕೃತ ಸುದ್ದಿಸಂಸ್ಥೆ ಷಿನ್‌ಹುವಾ ಬರೆಯಿತು.

ಆ ಸೆಪ್ಟೆಂಬರಿನಲ್ಲಿ ಸಂಘಕ್ಕೆ ಮಾರ್ಗದರ್ಶಕರು ಸಿಗದೆ ನೋಂದಣಿ ತೂಗಾಡಿತು. ಮಾರ್ಕ್ಸನ ಹೆಸರಿನಲ್ಲಿ ಅಧ್ಯಯನ ವಿಭಾಗವೇ ಇರುವ ವಿಶ್ವವಿದ್ಯಾಲಯದಲ್ಲಿ! ಡಿಸೆಂಬರ್ 26, ಮಾವೋ ಹುಟ್ಟಿ 125 ವರ್ಷ ತುಂಬಿದ ದಿನ, ಜನ್ಮದಿನಾಚರಣೆಗೆ ಹೊರಟಿದ್ದ ಸಂಘದ ಮುಖಂಡನನ್ನು ದಾರಿಯಲ್ಲೇ ಹಿಡಿದೊಯ್ದರು. ಮರುದಿನ ವಿಶ್ವವಿದ್ಯಾಲಯ ಸಂಘವನ್ನು 'ಪುನರ್ರಚಿಸಿ' ಹೊಸ ಸದಸ್ಯರನ್ನು ಕೂರಿಸಿತು. ಇಲ್ಲಿ ಗುಟ್ಟೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹೆಸರು ಬಹಿರಂಗ, ಸದಸ್ಯರು ಬಹಿರಂಗ, ಬಹಿರಂಗ ಪತ್ರಗಳು ಬೇಕಾದಷ್ಟು. ಆದರೂ ಗುಲ್ಲಿಗೆ ತೆರೆಮರೆಯ ಕೈ ಬೇಕು. ಹುಡುಗರು ತಾವಾಗಿಯೇ ಓದಿ, ಓದಿದ್ದನ್ನು ನಂಬಿ, ನಂಬಿದ್ದಕ್ಕೆ ಹೊರಟರು ಎಂಬುದು ಈ ಕಥನಪ್ರಕಾರ ಒಪ್ಪಲಾಗದ ಏಕೈಕ ತಿರುವು. ಮಾರ್ಕ್ಸ್ ಪಾಠವನ್ನು ಕಡ್ಡಾಯ ಮಾಡಿದವರಿಗೇ ಆ ಪಾಠ ಯಾರಿಗಾದರೂ ನಾಟೀತು ಎಂಬ ಕಲ್ಪನೆ ಇರಲಿಲ್ಲ.

2021ರ ಜುಲೈ 6ರ ರಾತ್ರಿ ಹತ್ತಾರು ವಿಶ್ವವಿದ್ಯಾಲಯಗಳ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿ ಗುಂಪುಗಳ ವೀಚಾಟ್ ಖಾತೆಗಳು ಒಮ್ಮೆಗೇ ಅಳಿಸಿಹೋದವು. ಹಳೆಯ ಬರಹಗಳೆಲ್ಲ ಮಾಯ. ಖಾತೆಯ ಹೆಸರಿದ್ದ ಕಡೆ 'ಹೆಸರಿಡದ ಖಾತೆ' ಎಂದು ಬಂತು. ಇವು ಜನಕ್ಕೆ ಕಾಣಲೆಂದೇ ಇದ್ದ ಖಾತೆಗಳು, ಕೆಲವು ವರ್ಷಗಟ್ಟಲೆ ನಡೆದವು. ವಿದೇಶಿ ಶಕ್ತಿಗಳ ಆಟ ಮುಗಿಯಿತು ಎಂದು ರಾಷ್ಟ್ರವಾದಿ ಬರಹಗಾರರು ಹಬ್ಬ ಮಾಡಿದರು. 1967ರ ಸಾಲುಗಳಿಗೆ ಇದೊಂದು ಹೊಸ ತಿದ್ದುಪಡಿ: ಮುಖವಿಲ್ಲದವರನ್ನು ಹುಡುಕಿ ಮುಖ ಕೊಡುವ ಬದಲು, ಮುಖವಿದ್ದವರ ಮುಖ ಒರೆಸುವುದು.

ವಿದೇಶಿ ಶಕ್ತಿ ಎಂಬ ಮಾತಿಗೆ ಬಂದ ಒಳ್ಳೆಯ ವಿಮರ್ಶೆ ಬೀದಿಯದು. 2022ರ ನವೆಂಬರಿನಲ್ಲಿ, ಕೋವಿಡ್ ಬಿಗಿಯ ವಿರುದ್ಧ ಬಿಳಿ ಹಾಳೆ ಹಿಡಿದು ಬೀಜಿಂಗಿನ ಲಿಯಾಂಗ್‌ಮಾ ನದಿಯ ಬಳಿ ಸೇರಿದವರಿಗೆ ಯಾರೋ ನಿಮ್ಮ ನಡುವೆ ವಿದೇಶಿ ಶಕ್ತಿಗಳಿವೆ ಎಂದು ಎಚ್ಚರಿಸಿದರು. ಗುಂಪಿನಿಂದ ಒಬ್ಬ ಮರುಪ್ರಶ್ನೆ ಹಾಕಿದ: ಯಾವ ವಿದೇಶಿಯರು, ಮಾರ್ಕ್ಸ್ ಮತ್ತು ಎಂಗೆಲ್ಸೇ? ನಗು ಎದ್ದಿತು. ನಕ್ಕವರಿದ್ದ ಊರಿನಲ್ಲೇ ಕೆಲವು ವಾರಗಳಲ್ಲಿ ಎಳೆಯ ಹೆಂಗಸರ ಬಂಧನಗಳಾದವು. ಜೊತೆಯಾಗಿ ಪುಸ್ತಕ ಓದುತ್ತಿದ್ದ, ಸಿನಿಮಾ ನೋಡುತ್ತಿದ್ದ ಗೆಳತಿಯರು ಅವರಲ್ಲಿದ್ದರು.

ಕೊನೆಗೆ ಕಡುಬಿನ ಮಾತು. 2024ರ ಜೂನಿನಲ್ಲಿ ಝೆಂಗ್‌ಝೌ ನಗರದ ನಾಲ್ವರು ವಿದ್ಯಾರ್ಥಿನಿಯರಿಗೆ ರಾತ್ರಿ ಹೊತ್ತು ಪಕ್ಕದ ಕೈಫೆಂಗ್ ಊರಿನ, ಒಳಗೆ ಬಿಸಿ ಸಾರು ತುಂಬಿದ ಹಬೆಕಡುಬು ತಿನ್ನುವ ಆಸೆಯಾಯಿತು. ಬಾಡಿಗೆ ಸೈಕಲ್ ಹತ್ತಿ ಐವತ್ತು ಕಿಲೋಮೀಟರ್ ತುಳಿದರು. ಸುದ್ದಿ ಹರಡಿತು, ಚಾಳಿಯಾಯಿತು. ಪ್ರವಾಸಿಗರು ಬಂದರೆ ಸಾಕೆಂದು ಕೈಫೆಂಗ್ ಆಡಳಿತ ಕೈಬೀಸಿ ಕರೆಯಿತು, ಸರ್ಕಾರಿ ಪತ್ರಿಕೆಗಳು ಯೌವನದ ಹುರುಪೆಂದು ಹೊಗಳಿದವು. ನವೆಂಬರ್ 8ರ ರಾತ್ರಿ ಎರಡು ಊರಿನ ನಡುವಿನ ಹೆದ್ದಾರಿ ಸೈಕಲ್ಲುಗಳಿಂದ ಕಟ್ಟಿಹೋಯಿತು, ಲಕ್ಷಕ್ಕೂ ಮಿಕ್ಕಿದ ಜನ ಎಂದು ವರದಿಯಾಯಿತು. ಕೆಲವರು ರಾಷ್ಟ್ರಧ್ವಜ ಹಿಡಿದಿದ್ದರು, ಕೆಲವರು ರಾಷ್ಟ್ರಗೀತೆ ಹಾಡಿದರು. ಮರುದಿನವೇ ಹೊಗಳಿಕೆ ನಿಂತಿತು. ಕಾಲೇಜುಗಳು ಗೇಟಿಗೆ ಬಿಗಿ ತಂದವು. ಸೈಕಲ್ ಕಂಪನಿಗಳು ಗಡಿ ದಾಟಿದ ಸೈಕಲ್ಲಿಗೆ ತಾನಾಗಿ ಬೀಗ ಬೀಳುತ್ತದೆ ಎಂದು ಪ್ರಕಟಿಸಿದವು. ಇದರ ಹಿಂದೆ ಯಾರೋ ಇದ್ದಾರೆ ಎಂಬ ಹಳೆಯ ರಾಗ ಮತ್ತೆ ಕೇಳಿಸಿತು.

ದೇಶದ ಹೊರಗಿನ ಬರಹಗಾರರಲ್ಲೂ ಅನೇಕರು ಈ ಸವಾರಿಯನ್ನು ಸರಿಯಾಗಿ ಓದುವ ಪರೀಕ್ಷೆಯಲ್ಲಿ ಫೇಲಾದರು. ಸೈಕಲ್ ಕಂಡೊಡನೆ ಅವರಿಗೆ 1989ರ ತಿಯಾನನ್‌ಮೆನ್ ವಿದ್ಯಾರ್ಥಿ ಚಳವಳಿ ನೆನಪಾಯಿತು, ಕಡುಬಿನಲ್ಲಿ ಪ್ರತಿರೋಧ ಕಂಡಿತು. ಅಧಿಕಾರಿ ಅಂಜಿ ಓದಿದ್ದನ್ನು ಇವರು ಆಸೆಯಿಂದ ಓದಿದರು, ಓದಿದ್ದು ಮಾತ್ರ ಒಂದೇ ಕಥೆ. ಇಪ್ಪತ್ತರ ಹುಡುಗರು ರಾತ್ರಿ ಹೊತ್ತು ಗುಂಪುಗೂಡಿ ಎಲ್ಲಿಗೋ ಹೋದರೆ ಅದಕ್ಕೊಂದು ಮುಚ್ಚಿಟ್ಟ ಅರ್ಥ ಇರಲೇಬೇಕು ಎಂದು ಇಬ್ಬರೂ ನಂಬಿದ್ದರು. ಆ ವಾರ ನಿಜವಾದ ದೂರು ಇದ್ದದ್ದು ಝೆಂಗ್‌ಝೌನ ಮಾಮೂಲಿ ಸೈಕಲ್ ಸವಾರರಿಗೆ. ಊರಿನ ಸೈಕಲ್ಲುಗಳೆಲ್ಲ ಕೈಫೆಂಗಿನ ರಸ್ತೆಬದಿಯಲ್ಲಿ ರಾಶಿ ಬಿದ್ದಿದ್ದವು, ಬೆಳಿಗ್ಗೆ ಕೆಲಸಕ್ಕೆ ಹೊರಟವರಿಗೆ ಒಂದೂ ಸಿಗಲಿಲ್ಲ.